ವರದೆಯ ಅಂಚಿನಲ್ಲೊಂದು ಟೆಂಟು

"ಸರ, ಎಷ್ಟು ಆಳ ಇದ್ರ ಅದಕ್ಕ ಕಂದರ ಅಂತಾರ್ರಿ?"

ಒಂಬತ್ತನೇ ಕ್ಲಾಸಿನ ಕಾವ್ಯಾ ಎದ್ದು ನಿಂತು ಹೀಗೆ ಕೇಳಿದಾಗ ನಾನು ಬೋರ್ಡಿನ ಮೇಲೆ ಚಿತ್ರ ಬಿಡಿಸುತ್ತಿದ್ದೆ. ಎರಡು ಕಡಿದಾದ ಗೆರೆ. ನಡುವೆ, ಕೆಳಗೆ, ಅಂಕುಡೊಂಕಾದ ಒಂದು ನದಿ. ಹತ್ತೊಂಬತ್ತು ವರ್ಷಗಳಿಂದ ಬಿಡಿಸುತ್ತ ಬಂದಿರುವ ಚಿತ್ರ. ಈಗ ಕಣ್ಣು ಮುಚ್ಚಿಯೂ ಬಿಡಿಸಬಲ್ಲೆ.

"ಭಾಳ ಆಳ ಇರಬೇಕು," ಅಂದೆ.

"ಭಾಳ ಅಂದ್ರ ಎಷ್ಟ್ರಿ?"

"ಮ್ಯಾಲೆ ನಿಂತು ನೋಡಿದ್ರ ಎದಿ ಝಲ್ ಅನ್ನಬೇಕು. ಅಷ್ಟು."

(ಇದೊಂದು ಉತ್ತರವೇ? ಅಲ್ಲ. ಉತ್ತರ ಗೊತ್ತಿಲ್ಲದ ಮೇಷ್ಟ್ರು ಕೊಡುವ ಉತ್ತರ.)

"ಹಂಗಂದ್ರ ನಮ್ಮ ಮಾಮಾನ ಊರಾಗೂ ಕಂದರ ಐತ್ರಿ. ವರದಾ ಹೊಳಿ ದಂಡಿಮ್ಯಾಲೆ ನಿಂತ್ರ ನನಗ ಎದಿ ಝಲ್ ಅಂತೈತ್ರಿ."

ಕ್ಲಾಸು ನಕ್ಕಿತು. ನಾನೂ ನಕ್ಕೆ. "ಅದು ಕಂದರ ಅಲ್ಲವ್ವ. ಅದು ಬರೇ ಹೊಳಿ ದಂಡಿ."

"ಯಾಕ್ರಿ?"

ಬೆಲ್ ಹೊಡೆಯಿತು. ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಬೆಲ್ ನನ್ನನ್ನು ಹಲವು ಸಲ ಕಾಪಾಡಿದೆ. ಆದರೆ ಈ ಸಲ ಕಾಪಾಡಿದಂತೆ ಅನ್ನಿಸಲಿಲ್ಲ.

ಮನೆಗೆ ಬಂದು ಪುಸ್ತಕ ತೆಗೆದೆ. ಒಂದರಲ್ಲಿ ‘ಆಳವಾದ’ ಅಂತಿತ್ತು. ಇನ್ನೊಂದರಲ್ಲಿ ‘ಬಹು ಆಳವಾದ’ ಅಂತಿತ್ತು. ಮೊಬೈಲಿನಲ್ಲಿ ಹುಡುಕಿದರೆ ಕೆಂಪು ಬಂಡೆ, ನೀಲಿ ನೀರು, ಅಂಚಿನಲ್ಲಿ ಸಾಲಾಗಿ ಟೆಂಟು, ಟೆಂಟಿನ ಮುಂದೆ ಕಾಲು ಚಾಚಿ ಕಾಫಿ ಕುಡಿಯುವ ಜನ. ಆಳ ಎಷ್ಟಿರಬೇಕು ಅಂತ ಯಾರೂ ಹೇಳಲಿಲ್ಲ. ಆಗ ಹೊಳೆಯಿತು: ಹತ್ತೊಂಬತ್ತು ವರ್ಷ ಕಂದರದ ಪಾಠ ಮಾಡಿದ ನಾನು ಜೀವನದಲ್ಲಿ ಒಂದೇ ಒಂದು ಕಂದರವನ್ನು ಕಣ್ಣಾರೆ ನೋಡಿಲ್ಲ. ನಮ್ಮ ಹಾನಗಲ್ಲಿನಿಂದ ಬೈಕಿನಲ್ಲಿ ಹೋಗಿ ನೋಡಬಹುದಾದದ್ದನ್ನು ಒಂದು ಹುಡುಗಿ ತೋರಿಸಿದರೆ, ಅದನ್ನೂ ನೋಡದೆಯೇ ‘ಅಲ್ಲ’ ಅಂದುಬಿಟ್ಟಿದ್ದೆ.

ಮರುದಿನ ಹೆಡ್‌ಮಾಸ್ಟರ ಹತ್ತಿರ ಹೋದೆ. ಹಿರೇಕೆರೂರಿನ ಕಡೆಯವರು, ಬಿಸಿ ಚಹಾವನ್ನೂ ಎರಡು ಸಲ ಮುಟ್ಟಿ ನೋಡಿ ಕುಡಿಯುವ ಮನುಷ್ಯ. ಒಂಬತ್ತನೇ ಕ್ಲಾಸಿನ ಮಕ್ಕಳನ್ನೆಲ್ಲ ಒಂದು ಶನಿವಾರ ವರದೆಯ ದಂಡೆಗೆ ಕರೆದುಕೊಂಡು ಹೋಗುತ್ತೇನೆ, ಅಂಚಿನಲ್ಲಿ ಸಾಲಾಗಿ ಕೂರಿಸಿ ಚಿತ್ರ ಬಿಡಿಸಿಸುತ್ತೇನೆ ಅಂದೆ.

"ಹೋಗೂದು ಹೋಗ್ರಿ. ಆದ್ರ ಮೊದಲ ನೀವೊಬ್ರ ಹೋಗಿ ನೋಡಿ ಬರ್ರಿ," ಅಂದರು.

ಒಬ್ಬನೇ ಯಾಕೆ ಹೋಗಲಿ? ರಫೀಕನಿಗೆ ಫೋನ್ ಮಾಡಿದೆ.

ರಫೀಕ್ ಸವಣೂರಿನವನು. ಪಿಯುಸಿಯಲ್ಲಿ ಒಂದೇ ಬೆಂಚು. ಈಗ ಅವನದು ಲಾರಿ, ರಾಶಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಅಂಗಡಿ. ಶಿಗ್ಗಾವಿ, ಬಂಕಾಪುರದ ಕಡೆಯ ಲಾರಿಯವರು, ಟ್ರ್ಯಾಕ್ಟರಿನವರು ಅವನಲ್ಲಿಗೇ ಬರುತ್ತಾರೆ. ಅವನು ಹೊಲಿದ ತಾಡಪತ್ರಿಯಲ್ಲಿ ಒಂದು ಹನಿ ನೀರು ಇಳಿದರೆ ಆ ರಾತ್ರಿ ಅವನಿಗೆ ನಿದ್ದೆ ಬರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಕೆಲಸ ಕಡಿಮೆ ಇರುತ್ತದೆ. ಆ ಬಿಡುವಿನಲ್ಲಿ ಯೂಟ್ಯೂಬ್ ನೋಡಿ ನೋಡಿ ಒಂದು ಟೆಂಟು ಹೊಲಿದಿದ್ದ. ತಳಕ್ಕೂ ತಾಡಪತ್ರಿ, ಎರಡು ಕಿಟಕಿಗೆ ಸೊಳ್ಳೆ ಪರದೆ, ಬಾಗಿಲಿಗೆ ಒಳಗಿನಿಂದಲೂ ಹೊರಗಿನಿಂದಲೂ ಎಳೆಯಬಹುದಾದ ಝಿಪ್ಪು.

"ಯಾರಿಗೆ ಮಾರಾಕ ಹೊಲದಿ?" ಅಂತ ಹಿಂದೊಮ್ಮೆ ಕೇಳಿದ್ದೆ.

"ಮಾರಾಕಲ್ಲೋ ಮಾಸ್ತರ. ಇಪ್ಪತ್ತೈದು ವರ್ಷ ಗೋವಿನಜೋಳದ ರಾಶಿಗೆ ಹೊದಿಕಿ ಹೊಲದೇನಿ. ಒಂದ್ಸಲ ಮನಷಾಗ ಹೊಲದು ನೋಡೋಣು ಅನ್ನಿಸ್ತು."

ಆ ಟೆಂಟಿನಲ್ಲಿ ಇನ್ನೂ ಯಾವ ಮನುಷ್ಯನೂ ಮಲಗಿರಲಿಲ್ಲ. ನಾನು ಫೋನಿನಲ್ಲಿ ಹೊಳೆಯ ವಿಷಯ ಹೇಳಿ ಮುಗಿಸುವ ಮೊದಲೇ ಅವನು ಅಂಗಡಿಯ ಶಟರ್ ಎಳೆಯುವ ಸದ್ದು ಕೇಳಿಸಿತು.

ನನ್ನ ಹೆಂಡತಿ ಬುತ್ತಿ ಕಟ್ಟುತ್ತ ಒಂದೇ ಮಾತು ಕೇಳಿದಳು. "ಮನ್ಯಾಗ ಗಾದಿ ಐತಿ, ಫ್ಯಾನ್ ಐತಿ. ಅದನ್ನ ಬಿಟ್ಟು ಹೊಲದಾಗ ಮಲಗಾಕ ಯಾಕ ಹೊಂಟೀರಿ?"

ಯಾಕೆ? ನಮ್ಮ ಕಡೆಯ ಹುಡುಗರೂ ಈಗ ಶನಿವಾರ ಬಂತೆಂದರೆ ಬೆನ್ನಿಗೆ ಬ್ಯಾಗು ಹಾಕಿಕೊಂಡು ದಾಂಡೇಲಿ, ಯಲ್ಲಾಪುರ ಅಂತ ಹೊರಡುತ್ತಾರೆ. ನದಿ ಕಾಣುವ ಜಾಗದಲ್ಲಿ ಟೆಂಟು, ಟೆಂಟಿನ ಮುಂದೆ ಫೋಟೋ. ಅವರನ್ನು ಕೇಳಿದರೆ ‘ನೇಚರ್’ ಅನ್ನುತ್ತಾರೆ. ನನಗೆ ಅಷ್ಟು ಇಂಗ್ಲಿಷು ಹೊಳೆಯಲಿಲ್ಲ. "ನೋಡಾಕ," ಅಂದೆ. ಅವಳು ಇನ್ನೆರಡು ರೊಟ್ಟಿ ಹೆಚ್ಚಿಗೆ ಇಟ್ಟಳು.

* * *

ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಅಕ್ಕಿಆಲೂರಿನ ಸಂತೆಯಲ್ಲಿ ಕೊಂಡ ಹಗ್ಗ, ಒಂದು ಸಣ್ಣ ಗ್ಯಾಸ್ ಸ್ಟೋವು ಕಟ್ಟಿಕೊಂಡು ಬಂಕಾಪುರದ ಮೇಲಿಂದ ಸವಣೂರಿಗೆ ಹೋದೆ. ಅಲ್ಲಿಂದ ರಫೀಕನ ಬೈಕು. ಕಾವ್ಯಾಳ ಮಾಮಾ ಊರಲ್ಲಿರಲಿಲ್ಲ, ಫೋನಿನಲ್ಲೇ ದಾರಿ ಹೇಳಿದರು. (ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಅಲ್ಲಿ ಇಪ್ಪತ್ತು ಬೈಕು ನಿಂತಿರುತ್ತವೆ.)

ಹೊಲದ ದಾರಿ ಮುಗಿಯಿತು. ಒಂದು ದೊಡ್ಡ ಬೇವಿನ ಮರ. ಅದರಾಚೆ ತೆನೆ ಮುರಿದ ಗೋವಿನಜೋಳದ ಕೂಳೆ, ಅದರಾಚೆ ಒಂದಿಷ್ಟು ಹುಲ್ಲು, ಅದರಾಚೆ ಏನೂ ಇಲ್ಲ.

ನಿಜಕ್ಕೂ ಏನೂ ಇಲ್ಲ. ನೆಲ ಅಲ್ಲಿಗೆ ಮುಗಿಯುತ್ತದೆ. ಇಣುಕಿದರೆ ಎರಡು ಮಾಳಿಗೆ ಮನೆಯಷ್ಟು ಕೆಳಗೆ ವರದೆ ತಿರುವು ತೆಗೆದುಕೊಂಡು, ಈ ದಂಡೆಯನ್ನು ಉಜ್ಜಿಕೊಂಡು ಹೋಗುತ್ತಿದ್ದಾಳೆ. ಆಚೆ ದಂಡೆ ತಗ್ಗು, ಉಸುಕಿನ ಹಾಸು. ಈಚೆ ದಂಡೆ ಚಾಕುವಿನಿಂದ ಕೊಯ್ದಂತೆ ನೆಟ್ಟಗೆ. ಮೇಲೆ ಕರಿಮಣ್ಣು, ಅದರ ಕೆಳಗೆ ಹಳದಿ ಜೇಡಿಮಣ್ಣು, ಅದರಲ್ಲಿ ಸುಣ್ಣಕಲ್ಲಿನ ಬಿಳಿ ಗಂಟುಗಳು, ಇನ್ನೂ ಕೆಳಗೆ ನುಣುಪು ಹರಳುಗಳ ಒಂದು ಪದರು. ಸಂಜೆಯ ಬಿಸಿಲು ಅದರ ಮೇಲೆ ಬಿದ್ದು ಒಂದೊಂದು ಪದರು ಒಂದೊಂದು ಬಣ್ಣ.

ನನ್ನ ಎದೆ ಝಲ್ ಅಂದಿತು.

"ಮಾಸ್ತರ, ಇದು ಕಂದರ ಹೌದೋ ಅಲ್ಲೋ?" ರಫೀಕ್ ಕೇಳಿದ.

"ಗೊತ್ತಿಲ್ಲೋ," ಅಂದೆ. ಹಾಗೆ ಹೇಳಿ ಎಷ್ಟು ಹಗುರಾಯಿತು ಗೊತ್ತೇ? ಮೇಷ್ಟ್ರುಗಳು ಇದನ್ನು ಆಗಾಗ ಹೇಳಿ ನೋಡಬೇಕು.

ಟೆಂಟು ಎಲ್ಲಿ ಹಾಕುವುದು? ಇದೇನು ಕೇಳುವ ಮಾತೇ? ಅಂಚಿಗೆ. ಬಾಗಿಲು ಹೊಳೆಯ ಕಡೆಗೆ. ಯೂಟ್ಯೂಬಿನಲ್ಲಿ ಎಲ್ಲರೂ ಹಾಗೇ ಹಾಕುತ್ತಾರೆ. ಅಂಚಿಗೆ ನಾಲ್ಕು ಹೆಜ್ಜೆ ಬಿಟ್ಟು ರಫೀಕ್ ಕಬ್ಬಿಣದ ಗೂಟ ಬಡಿದ, ಹಗ್ಗ ಎಳೆದ, ಸಡಿಲ ಮಾಡಿದ, ಮತ್ತೆ ಎಳೆದ. ಸುಕ್ಕು ಕಂಡಲ್ಲೆಲ್ಲ ಹೋಗಿ ಬಿಚ್ಚಿ ಕಟ್ಟಿದ. ಒಂದು ತಾಸು ಹಿಡಿಯಿತು. ನೀಲಿ ಟೆಂಟು ಡೊಳ್ಳಿನಂತೆ ಬಿಗಿದು ನಿಂತಿತು. ಅವನು ಹತ್ತು ಹೆಜ್ಜೆ ಹಿಂದೆ ಸರಿದು, ಮಗಳ ಮದುವೆಯ ಚಪ್ಪರ ನೋಡುವವನಂತೆ ನೋಡಿದ.

ಯಾರನ್ನಾದರೂ ಕೇಳಿ ಹಾಕಿದೆವೇ? ಇಲ್ಲ. ಖಾಲಿ ಜಾಗ ಅಂದುಕೊಂಡಿದ್ದೆವು. ಕೂಳೆ ಕಾಲಿಗೆ ಚುಚ್ಚುತ್ತಿತ್ತು, ಆದರೂ ಖಾಲಿ ಜಾಗ ಅಂದುಕೊಂಡಿದ್ದೆವು.

"ಯಾರ್ರಿ ನೀವು? ಉಸುಕು ತುಂಬಾಕ ಜಾಗಾ ನೋಡಾಕ ಬಂದೀರೇನು?"

ತಿರುಗಿದರೆ ಕೈಯಲ್ಲಿ ಕುಡುಗೋಲು, ತಲೆಯ ಮೇಲೆ ಸೆರಗು, ಅರವತ್ತರ ಹತ್ತಿರದ ಒಬ್ಬ ಹೆಣ್ಣುಮಗಳು. ಬದುವಿನ ಹುಲ್ಲು ಕೊಯ್ಯಲು ಬಂದಿದ್ದರು. ಹೆಸರು ನೀಲವ್ವ. ಹೊಲ ಅವರದು.

ನಾನು ಗಡಿಬಿಡಿಯಿಂದ ಸಾಲಿಮಾಸ್ತರ ಅಂದೆ, ಮಕ್ಕಳನ್ನ ಕರಕೊಂಡು ಬರಬೇಕು ಅಂದೆ, ಅದಕ್ಕ ಒಂದು ರಾತ್ರಿ ಇದ್ದು ನೋಡಾಕ ಬಂದೇವಿ ಅಂದೆ.

"ಇದರಾಗ ಮಲಗವ್ರು?" ಟೆಂಟಿನ ಕಡೆ ಕುಡುಗೋಲು ತೋರಿಸಿ ಕೇಳಿದರು. "ಇಬ್ರೂ? ಮನ್ಯಾಗ ಜಗಳ ಆಗೇತೇನು?"

ರಫೀಕ್ ಬಿದ್ದು ಬಿದ್ದು ನಕ್ಕ. ನೀಲವ್ವನೂ ನಕ್ಕರು. ನಗುತ್ತಲೇ ಟೆಂಟಿನ ಸುತ್ತ ಒಂದು ಸುತ್ತು ಬಂದರು. ಬಟ್ಟೆಯನ್ನು ಬೆರಳಿನಿಂದ ತಿಕ್ಕಿ ನೋಡಿದರು. ಹೊಲಿಗೆ ಮುಟ್ಟಿದರು. ಪರದೆಯ ಕಿಟಕಿಗೆ ಕಣ್ಣು ಹಚ್ಚಿದರು.

"ಯಾರು ಹೊಲದಾರ ಇದನ್ನ?"

"ನಾನ ಹೊಲದೇನಿ ಅಕ್ಕಾ."

"ಛಲೋ ಹೊಲದೀರಿ ಸಾಹೇಬ್ರ. ಒಳಗ ಹೋಗಿ ನೋಡ್ಲೇನು?"

"ಅರೆ, ಕೇಳೂದೇನು? ಹೋಗ್ರಿ ಅಕ್ಕಾ, ಹೋಗ್ರಿ."

ಕುಡುಗೋಲು ಹುಲ್ಲಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಒಳಗೆ ಬಗ್ಗಿದರು. ಝಿಪ್ಪು ಎರಡು ಸಲ ಎಳೆದು ನೋಡಿದರು. ಮೂರನೇ ಸಲ ಒಳಗಿನಿಂದ ಪೂರ್ತಿ ಎಳೆದುಕೊಂಡರು.

ನಾವು ಹೊರಗೆ ನಿಂತೆವು.

ಐದು ನಿಮಿಷ. ಹತ್ತು ನಿಮಿಷ. ಒಳಗೆ ಸದ್ದಿಲ್ಲ. ರಫೀಕ್ ನನ್ನ ಮುಖ ನೋಡಿದ, ನಾನು ಅವನ ಮುಖ. ಕರೆಯಬೇಕೋ ಬೇಡವೋ? ಅವರದೇ ಹೊಲದಲ್ಲಿ, ನಮ್ಮ ಟೆಂಟಿನ ಬಾಗಿಲಲ್ಲಿ, ಇಬ್ಬರು ನಡುವಯಸ್ಸಿನ ಗಂಡಸರು ಕಾವಲುಗಾರರ ಹಾಗೆ ನಿಂತಿದ್ದೇವೆ.

"ಮಲಗ್ಯಾರ ಅನ್ನಿಸ್ತತಿ," ರಫೀಕ್ ಪಿಸುಗುಟ್ಟಿದ. ಅವನ ಮುಖದಲ್ಲಿ ಹೆಮ್ಮೆ. ಕೊನೆಗೂ ಅವನ ಹೊಲಿಗೆಯೊಳಗೆ ಒಬ್ಬ ಮನುಷ್ಯ ಮಲಗಿದ್ದಾರೆ.

ಆಗ ಒಳಗಿನಿಂದ ದನಿ ಬಂತು. "ಕೆಳಗ ಯಾರದಾರ?"

"ಕೆಳಗ ಯಾರೂ ಇಲ್ಲ ಅಕ್ಕಾ, ಹೊಳಿ ಐತಿ."

"ಹೊಳಿ ಅಲ್ರಿ. ಈ ನೆಲದ ಬುಡಕ್ಕ."

ಝಿಪ್ಪು ಸರ್ರನೆ ತೆರೆಯಿತು. ಹೊರಬಂದ ನೀಲವ್ವನ ಮುಖದಲ್ಲಿ ನಗು ಇರಲಿಲ್ಲ. "ಸರ, ನೀವು ಒಳಗ ಹೋಗಿ ಅಡ್ಡಾಗ್ರಿ. ಕಿವಿ ನೆಲಕ್ಕ ಹಚ್ಚಿ ಕೇಳ್ರಿ. ಸಪ್ಪಳ ಮಾಡಬ್ಯಾಡ್ರಿ."

ಹೋದೆ. ಮಲಗಿದೆ. ತಾಡಪತ್ರಿಯ ತಣ್ಣನೆಯ ತಳಕ್ಕೆ ಕಿವಿ ಹಚ್ಚಿದೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಬಂತು. ಮೊರದಿಂದ ಜೋಳ ಜಾರಿದ ಹಾಗೆ, ಸರ್... ಸರ್... ನಿಲ್ಲುತ್ತದೆ. ಮತ್ತೆ ಸರ್. ಕೊನೆಗೆ ಎಲ್ಲೋ ಕೆಳಗೆ ನೀರಿಗೆ ಏನೋ ಬಿದ್ದ ಸಣ್ಣ ಸದ್ದು.

ನಾನು ಮಲಗಿದ್ದ ನೆಲದ ಅಡಿಯಿಂದ ಮಣ್ಣು ಜಾರುತ್ತಿತ್ತು.

ಭೂಗೋಳದ ಮೇಷ್ಟ್ರಿಗೆ ಇದು ಗೊತ್ತಿರಬೇಕಿತ್ತಲ್ಲವೇ? ಗೊತ್ತಿತ್ತು. ಹೊಳೆ ತುಂಬಿದಾಗ ದಂಡೆ ಬೀಳುವುದು ಕಡಿಮೆ, ನೀರು ಇಳಿಯುವಾಗ ಬೀಳುವುದು ಹೆಚ್ಚು. ನೀರು ಕುಡಿದು ಭಾರವಾದ ಮಣ್ಣನ್ನು ಒತ್ತಿ ಹಿಡಿಯಲು ಹೊಳೆಯ ನೀರೇ ಇರುವುದಿಲ್ಲ. ಬುಡವನ್ನು ಹೊಳೆ ಆಗಲೇ ತಿಂದಿರುತ್ತದೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಇದು. ಆದರೆ ಅದರ ಮೇಲೆಯೇ ಗೂಟ ಬಡಿದು ಕೂತಾಗ ಪುಸ್ತಕ ನೆನಪಾಗಬೇಕಲ್ಲ?

ಹೊರಗೆ ಬಂದೆ. "ರಫೀಕ್, ಬಿಚ್ಚು."

"ಏನು?"

"ಟೆಂಟು ಬಿಚ್ಚೋ."

ಅವನ ಮುಖ ಸಣ್ಣಗಾಯಿತು. "ಮಾಸ್ತರ, ಇಲಿ ಇರಬೇಕೋ. ಕರಿಮಣ್ಣಾಗ ಇಲಿ ಇರತಾವ. ಒಂದು ತಾಸು ಕಟ್ಟೇನಿ ನಾ."

ನೀಲವ್ವ ವಾದ ಮಾಡಲಿಲ್ಲ. ಕುಡುಗೋಲು ತೆಗೆದುಕೊಂಡು ಟೆಂಟಿನ ಹಿಂಬದಿಗೆ, ಅಂದರೆ ಟೆಂಟಿಗೂ ಹೊಲಕ್ಕೂ ನಡುವೆ, ಹುಲ್ಲು ಸರಿಸುತ್ತ ಬಗ್ಗಿ ನಡೆದರು. ಒಂದು ಕಡೆ ನಿಂತರು. ಕುಡುಗೋಲಿನ ತುದಿಯನ್ನು ಹುಲ್ಲಿನ ಬುಡಕ್ಕೆ ಇಟ್ಟು ಮೆಲ್ಲಗೆ ಒತ್ತಿದರು.

ಅದು ಒಳಗೆ ಹೋಯಿತು. ಹಿಡಿಯವರೆಗೂ ಹೋಯಿತು. ಬೆಣ್ಣೆಯಲ್ಲಿ ಹೋದಂತೆ.

ಹುಲ್ಲಿನ ಅಡಿಯಲ್ಲಿ ಎರಡು ಬೆರಳು ಅಗಲದ ಬಿರುಕು. ಟೆಂಟಿನ ಈ ಮೂಲೆಯಿಂದ ಆ ಮೂಲೆಯಾಚೆಯವರೆಗೆ, ಬಿಲ್ಲಿನ ಹಾಗೆ. ನಾವು ಇಬ್ಬರು, ಟೆಂಟು, ಬುತ್ತಿ, ಸ್ಟೋವು, ಎಲ್ಲ ಬಿರುಕಿನ ಆಚೆ ಕಡೆ. ಹೊಳೆಯ ಕಡೆ.

"ಯಾ ಅಲ್ಲಾ," ಅಂದ ರಫೀಕ್. ತಕ್ಷಣ ಹಗ್ಗ ಬಿಚ್ಚತೊಡಗಿದ.

ಒಬ್ಬೊಬ್ಬರಾಗಿ ಹೋಗಿ, ಮೆಲ್ಲಗೆ ಹೆಜ್ಜೆ ಇಟ್ಟು ಸಾಮಾನು ತಂದೆವು. ಒಂದು ಗೂಟ ಮಾತ್ರ ಬರಲಿಲ್ಲ. ಜಗ್ಗಿದರೆ ನೆಲ ನಡುಗಿದಂತಾಯಿತು. "ಬಿಡ್ರಿ ಸಾಹೇಬ್ರ ಅದನ್ನ," ನೀಲವ್ವ ಕೂಗಿದರು. ಬಿಟ್ಟೆವು. ಬೇವಿನ ಮರ ದಾಟಿ, ಇನ್ನೂ ಇಪ್ಪತ್ತು ಹೆಜ್ಜೆ ಈಚೆಗೆ ಟೆಂಟು ಮತ್ತೆ ನಿಂತಿತು. ಅಲ್ಲಿಂದ ಹೊಳೆ ಕಾಣುವುದಿಲ್ಲ.

"ಅಕ್ಕಾರ, ನಿಮಗ ಮೊದಲ ಗೊತ್ತಿತ್ತೇನು?" ಅಂತ ಕೇಳಿದೆ.

"ಎಲ್ಲಿ ಗೊತ್ತ್ರಿ? ಮೂವತ್ತೆಂಟು ವರ್ಷಾತು ಈ ದಂಡಿಮ್ಯಾಲೆ ಅಡ್ಡಾಡಾಕತ್ತು. ನಿಂತೇನಿ, ಕುಂತೇನಿ. ಮಲಗಿದ್ದಿಲ್ಲ. ಹೊಲದಾಗ ಯಾರು ಮಲಗಾಕ ಬಿಡ್ತಾರ್ರಿ ನಮಗ?" ಹುಲ್ಲಿನ ಹೊರೆ ಎತ್ತಿಕೊಳ್ಳುತ್ತ ಟೆಂಟನ್ನು ಇನ್ನೊಮ್ಮೆ ನೋಡಿದರು. "ಝಿಪ್ಪ ಎಳಕೊಂಡ ಕೂಡ್ಲೆ ಏನೂ ಕಾಣವಲ್ಲದಾತು. ಹೊಲ ಇಲ್ಲ, ಎಮ್ಮಿ ಇಲ್ಲ, ಯಾರೂ ಇಲ್ಲ. ಅದಕ್ಕ ಒಂದೀಟು ಅಡ್ಡಾದೆ. ಕಣ್ಣಿಗೆ ಕೆಲಸ ಇಲ್ಲಂದ್ರ ಕಿವಿ ಕೇಳ್ತತಿ ನೋಡ್ರಿ."

ಅವರು ಹೋದರು. ನಾವು ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದೆವು.

* * *

ಬೆಳಕು ಹರಿಯುತ್ತಿತ್ತು. ರಫೀಕ್ ಬೇವಿನ ಮರದ ಈಚೆ ನಮಾಜು ಮುಗಿಸಿ ಎದ್ದ. ನಾನು ಸ್ಟೋವು ಹಚ್ಚಿ ಚಹಾಕ್ಕಿಟ್ಟಿದ್ದೆ.

"ಮಾಸ್ತರ, ಆ ಗೂಟ ತಂದುಬಿಡ್ತೇನಿ. ಕಮ್ಮಾರನ ಕಡೆ ಹೇಳಿ ಮಾಡಿಸಿದ್ದು. ರಾತ್ರಿ ಏನೂ ಆಗಿಲ್ಲ ನೋಡು, ಹಂಗ ಐತಿ," ಅಂತ ಅಂಚಿನ ಕಡೆ ನಾಲ್ಕು ಹೆಜ್ಜೆ ಹಾಕಿದ.

"ಚಹಾ ಕುಡದು ಹೋಗೋ. ಕುದಿಯಾಕತ್ತೇತಿ," ಅಂದೆ.

ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಮುನ್ಸೂಚನೆಯೂ ಇಲ್ಲ. ಚಹಾ ಉಕ್ಕುವುದರಲ್ಲಿತ್ತು, ಸೋಸಲು ಬಟ್ಟೆ ಹಿಡಿಯಲು ಒಬ್ಬರು ಬೇಕಿತ್ತು, ಅಷ್ಟೇ. ಅವನು ಗೊಣಗುತ್ತ ವಾಪಸ್ ಬಂದು ಕುಕ್ಕರಗಾಲಿನಲ್ಲಿ ಕೂತ.

ಅವನ ಕೈಗೆ ಲೋಟ ಕೊಟ್ಟೆ. ಅವನು ಒಂದು ಗುಟುಕು ಕುಡಿದ.

ಆ ಸದ್ದನ್ನು ಹೇಗೆ ಬರೆಯಲಿ? ಢಂ ಅಂತಲ್ಲ. ಲಾರಿಯಿಂದ ಉಸುಕು ಸುರಿದ ಹಾಗೆ ಒಂದು ಉದ್ದನೆಯ ಉಸಿರು. ಕೂತಲ್ಲಿ ನೆಲ ಒಂದು ಸಲ ಅದುರಿತು. ಆಮೇಲೆ ನೀರು ಕಪಾಳಕ್ಕೆ ಹೊಡೆದಂಥ ಸಪ್ಪಳ. ಆಚೆ ದಂಡೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಎದ್ದ ಧೂಳಿನಲ್ಲಿ ಹಸಿಮಣ್ಣಿನ ವಾಸನೆ ಇತ್ತು.

ಹುಲ್ಲು ಇರಲಿಲ್ಲ. ಗೂಟ ಇರಲಿಲ್ಲ. ನಿನ್ನೆ ಒಂದು ತಾಸು ಬಿಗಿದು ಕಟ್ಟಿದ ಜಾಗವೇ ಇರಲಿಲ್ಲ. ಅಲ್ಲಿ ಈಗ ಆಕಾಶವಿತ್ತು.

ರಫೀಕ್ ಲೋಟ ಹಿಡಿದುಕೊಂಡೇ ಇದ್ದ. ಕುಡಿಯಲಿಲ್ಲ, ಇಡಲೂ ಇಲ್ಲ. ನಾನು ಅವನ ಭುಜ ಹಿಡಿದೆ.

ನಿಜ ಹೇಳಬೇಕೆಂದರೆ ಆಗ ನನಗೆ ನೆನಪಾದದ್ದು ನಾವಿಬ್ಬರಲ್ಲ. ನನ್ನ ಶಾಲೆಯ ಬ್ಯಾಗಿನಲ್ಲಿ ಮೂವತ್ನಾಲ್ಕು ಒಪ್ಪಿಗೆ ಪತ್ರಗಳ ಝೆರಾಕ್ಸ್ ಇತ್ತು. ಪಾಲಕರ ಸಹಿಗೆ ಜಾಗ ಬಿಟ್ಟಿದ್ದೆ. ಮಕ್ಕಳು ಡ್ರಾಯಿಂಗ್ ಶೀಟು, ಪೆನ್ಸಿಲ್ಲು ತರಬೇಕು ಅಂತ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಕಾವ್ಯಾ ಖಂಡಿತ ಮೊದಲ ಸಾಲಿನಲ್ಲಿ ಕೂರುತ್ತಿದ್ದಳು.

ನೀಲವ್ವ ಓಡಿ ಬಂದರು. ಅವರಿಗೆ ಮನೆಯವರೆಗೂ ಸದ್ದು ಕೇಳಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಮ್ಮನ್ನು ದೂರದಿಂದ ಕಂಡು ನಿಂತರು. ಬೆರಳು ಎತ್ತಿ ಎಣಿಸಿದರು, ಎರಡೇ ಜನರನ್ನು. "ಇಬ್ರೂ ಅದೀರಿ," ಅಂದರು. ಆಮೇಲೆ ಬೇವಿನ ಬುಡಕ್ಕೆ ಒರಗಿ ಕೂತುಬಿಟ್ಟರು.

ಚಹಾ ಕೊಟ್ಟೆ. ಕುಡಿದರು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಬೇವಿನ ಮರಕ್ಕೆ ಬೆನ್ನು ಹಚ್ಚಿ ನಿಂತು, ಅಂಚಿನ ಕಡೆ ಹೆಜ್ಜೆ ಹಾಕತೊಡಗಿದರು. ಒಂದೇ ಅಳತೆಯ ಹೆಜ್ಜೆ. ತುಟಿ ಅಲ್ಲಾಡುತ್ತಿತ್ತು. ಹೊಸ ಅಂಚಿಗೆ ಇನ್ನೂ ಸಾಕಷ್ಟು ದೂರ ಇರುವಾಗಲೇ ನಿಂತು, ಉಳಿದದ್ದನ್ನು ಕಣ್ಣಿನಲ್ಲೇ ಅಂದಾಜು ಮಾಡಿ ವಾಪಸ್ ಬಂದರು.

"ಇಪ್ಪತ್ತಾರು," ಅಂದರು. "ಹೋದ ವರ್ಷ ಮೂವತ್ತೇಳು ಇತ್ರಿ."

"ಪ್ರತಿ ವರ್ಷ ಅಳೀತೀರೇನು?"

"ನೀರು ಇಳದಮ್ಯಾಲೆ ಒಂದ್ಸಲ. ನಾ ಲಗ್ನಾಗಿ ಬಂದ ವರ್ಷ ಈ ಗಿಡದಿಂದ ದಂಡಿಗೆ ನೂರಾ ಹನ್ನೆರಡು ಹೆಜ್ಜಿ."

ನನಗೆ ಕುತೂಹಲ ತಡೆಯಲಾಗಲಿಲ್ಲ. ಮೊದಲಿನಿಂದ ಅವರೇ ಅಳೆಯುತ್ತಿದ್ದರೇ?

"ಮೊದಲ ನಮ್ಮ ಮಾವ ಅಳೀತಿದ್ರು. ಅವರು ಹೋದಮ್ಯಾಲೆ ನಾ ಹಿಡಿದೆ. ಆದ್ರ ಅವರ ಹೆಜ್ಜಿ ಉದ್ದ, ನಂದು ಗಿಡ್ಡ. ಅವರ ಎಣಿಕಿಗೆ ನನ್ನ ಎಣಿಕಿ ಕೂಡೂದಿಲ್ಲ. ಅದಕ್ಕ ಅವರಿದ್ದಾಗ ಒಂದ್ಸಲ ಇಬ್ರೂ ಜೋಡೀಲೆ ನಡದಿದ್ವಿ. ಅವರು ಎಪ್ಪತ್ತು ಹಾಕೂದ್ರಾಗ ನಾ ಎಂಬತ್ನಾಕು ಹಾಕಿದ್ದೆ. ಅದರ ಮ್ಯಾಲೆ ಅವರ ಹಳೇ ಎಣಿಕಿ ಎಲ್ಲಾ ನನ್ನ ಹೆಜ್ಜಿಗೆ ತಿರಿಗಿಸಿ ಇಟ್ಟೇನಿ. ತಲ್ಯಾಗ."

ಓದುಗರೇ, ನಾನು ಬಿ.ಎಡ್. ಮಾಡಿದವನು. ಅಳತೆಯ ಮಾನ ಬದಲಾದರೆ ಹಳೆಯ ಅಳತೆಯನ್ನು ಹೊಸದಕ್ಕೆ ಪರಿವರ್ತಿಸಬೇಕು ಅಂತ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು ಹೇಳಿಕೊಡುತ್ತೇನೆ. ಈ ಹೆಣ್ಣುಮಗಳು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೊಳೆ ತಮ್ಮ ಹೊಲವನ್ನು ತಿನ್ನುವುದನ್ನು ಕಂಡು ಕೂತು ಅಳುವ ಬದಲು ಅಳೆದಿದ್ದಾರೆ, ಮಾವನ ಎಣಿಕೆಯೂ ಸೇರಿ ಮೂವತ್ತೆಂಟು ವರ್ಷ. ಒಂದು ವರ್ಷವೂ ತಪ್ಪಿಸಿಲ್ಲ.

"ಯಾಕ ಅಳೀತೀರಿ ಅಕ್ಕಾ? ಅಳದ್ರ ನಿಲ್ತತೇನು?" ರಫೀಕ್ ಕೇಳಿದ. ದಂಡೆ ಬಿದ್ದ ಮೇಲೆ ಅವನಾಡಿದ ಮೊದಲ ಮಾತು.

"ನಿಲ್ಲೂದಿಲ್ಲ. ಆದ್ರ ಎಷ್ಟು ಹೋತು ಅಂತ ಗೊತ್ತಿರಬೇಕಲ್ರಿ? ಪಹಣಿ ಉತಾರದಾಗ ನೋಡಿದ್ರ ನಮ್ಮ ಹೊಲ ಇನ್ನೂ ಹಂಗ ಐತಿ. ಕಾಗದದಾಗ ಹೊಳಿ ನಡುವಿನ ತನಕ ನಂದ. ಕಾಗದಕ್ಕ ಗೊತ್ತಿಲ್ಲ ಅಂತ ನನಗೂ ಗೊತ್ತಿರಬಾರದೇನು?"



* * *

ಹಾನಗಲ್ಲಿಗೆ ಬಂದು ಹೆಡ್‌ಮಾಸ್ಟರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಮುಚ್ಚಿಡಬಹುದಿತ್ತು. ‘ಜಾಗ ಸರಿಯಿಲ್ಲ ಸರ್’ ಅಂದರೆ ಮುಗಿಯುತ್ತಿತ್ತು. ಆದರೆ ಎದುರು ಕೂತು ಹೇಳುತ್ತ ಹೋದಂತೆ ಎಲ್ಲವೂ ಬಾಯಿಗೆ ಬಂತು, ಒಪ್ಪಿಗೆ ಪತ್ರದ ದಪ್ಪ ಅಕ್ಷರಗಳೂ ಸೇರಿ.

"ಟ್ರಿಪ್ ಕ್ಯಾನ್ಸಲ್ ಮಾಡ್ರಿ," ಅಂದರು. ನಾನು ಎದ್ದೆ. ಬಾಗಿಲವರೆಗೆ ಹೋದವನನ್ನು ತಿರುಗಿ ಕರೆದರು. "ಆ ಹೆಣ್ಣುಮಗಳು ಮಕ್ಕಳ ಮುಂದ ಮಾತಾಡ್ತಾರೇನು?"

"ಕೇಳ್ತೇನ್ರಿ."

"ಹಂಗಾದ್ರ ಈಚಿ ದಂಡಿ ಬ್ಯಾಡ. ಆಚಿ ದಂಡಿ ತಗ್ಗು ಐತಿ ಅಂದ್ರಿ. ಅಲ್ಲಿಂದ ನೋಡ್ಲಿ. ನಾನೂ ಬರ್ತೇನಿ, ಮೊದಲ ನಾನ ನಿಂತು ನೋಡ್ತೇನಿ."

ಡಿಸೆಂಬರಿನ ಒಂದು ಶನಿವಾರ ಹೋದೆವು. ಹಗಲು ಹೊತ್ತು ಮಾತ್ರ. ಆಚೆ ದಂಡೆಯ ಅಗಲವಾದ ಉಸುಕಿನ ಹಾಸು, ನೀರಿನಿಂದ ದೂರ. ಹೆಡ್‌ಮಾಸ್ಟರು ಮೊದಲು ಒಬ್ಬರೇ ಇಳಿದು, ಕಾಲಿನಿಂದ ಎರಡು ಸಲ ಒದ್ದು ನೋಡಿ, ಆಮೇಲೆ ಕೈ ಬೀಸಿದರು. ನೆರಳಿಗೆ ಅಂತ ರಫೀಕ್ ದೊಡ್ಡದೊಂದು ತಾಡಪತ್ರಿ ಕಟ್ಟಿಕೊಟ್ಟ. ನೀಲವ್ವನನ್ನು ಸೇತುವೆ ಸುತ್ತಿ ಬೈಕಿನ ಹಿಂದೆ ಕೂರಿಸಿಕೊಂಡು ಬಂದವನೂ ಅವನೇ. ಅವರು ಹೊಸ ಇಳಕಲ್ ಸೀರೆ ಉಟ್ಟಿದ್ದರು.

ಎದುರಿಗೆ ದಂಡೆ ಗೋಡೆಯ ಹಾಗೆ ನಿಂತಿತ್ತು. ಮೇಲಿನಿಂದ ನೋಡಿದಾಗ ಕಾಣದ್ದು ಇಲ್ಲಿಂದ ಕಂಡಿತು. ಬಿದ್ದ ಜಾಗ ಹೊಸ ಗಾಯದ ಹಾಗೆ ಗಾಢ ಕಪ್ಪು. ಅದರ ಬುಡದಲ್ಲಿ ಹೊಳೆ ಕೊರೆದ ಗವಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು. ಮಕ್ಕಳು ಪದರುಗಳನ್ನು ಎಣಿಸಿದರು, ಎಣಿಕೆ ತಪ್ಪಿ ಜಗಳಾಡಿದರು. ಸುಣ್ಣಕಲ್ಲಿನ ಬಿಳಿಗಂಟಿನ ಪದರಿಗೆ ಯಾರೋ ‘ಮಂಡಕ್ಕಿ ಪದರು’ ಅಂತ ಹೆಸರಿಟ್ಟರು. ಕಂದರ ಹೌದೋ ಅಲ್ಲವೋ ಅನ್ನುವುದಕ್ಕೆ ಪುಸ್ತಕದಲ್ಲಿ ಅಳತೆ ಇಲ್ಲ, ನನಗೂ ಗೊತ್ತಿಲ್ಲ ಅಂತ ಎಲ್ಲರೆದುರು ಹೇಳಿದೆ. ಕಾವ್ಯಾಗೆ ಬೇಸರವಾಗಲಿಲ್ಲ. ಅವಳು ಆಗಲೇ ಇನ್ನೊಂದು ಪ್ರಶ್ನೆಗೆ ಹೋಗಿದ್ದಳು: ಆ ಕಡೆಯ ಮಣ್ಣು ಹೋದರೆ ಈ ಕಡೆಯ ಉಸುಕು ಎಲ್ಲಿಂದ ಬಂತು?

ನೀಲವ್ವ ಮೊದಲು ನಾಚಿಕೊಂಡರು. ಆಮೇಲೆ ಮಕ್ಕಳಿಗೆ ಹೆಜ್ಜೆ ಹಾಕುವುದನ್ನು ಕಲಿಸಿದರು. ಮೂವತ್ನಾಲ್ಕು ಮಕ್ಕಳೂ ಅವರ ಹಿಂದೆ ಉಸುಕಿನ ಮೇಲೆ ಒಂದೇ ಅಳತೆಯಲ್ಲಿ ನಡೆದರು. ಹೆಡ್‌ಮಾಸ್ಟರೂ ಕೊನೆಯಲ್ಲಿ ಸೇರಿಕೊಂಡರು.

ನಾನು ನೆರಳಲ್ಲಿ ಕೂತು ನೋಡುತ್ತಿದ್ದೆ. ಒಂದು ಮಾತು ಬಿಡದೆ ಕಾಡುತ್ತಿತ್ತು. ನದಿ ಚೆಂದ ಕಾಣುವ ಅಂಚನ್ನು ನಾವು ವ್ಯೂ ಪಾಯಿಂಟ್ ಅನ್ನುತ್ತೇವೆ. ಚಾಪೆ ಹಾಸಿ, ಫೋಟೋ ತೆಗೆದು, ಸ್ಟೇಟಸ್ ಹಾಕಿ ಬರುತ್ತೇವೆ. ಆ ನೋಟ ಅಷ್ಟು ಚೆಂದವಾಗಲು ಯಾರ ಎಷ್ಟು ನೆಲ ನೀರಿಗೆ ಹೋಗಿದೆ ಅಂತ ಒಮ್ಮೆಯಾದರೂ ಕೇಳಿದ್ದೇವೆಯೇ?

ನಾನು ನೀಲವ್ವನನ್ನು ಕೇಳದೆಯೇ ಬಿಟ್ಟ ಆ ಪ್ರಶ್ನೆಯನ್ನು ಕೊನೆಗೆ ಕೇಳಿದ್ದು, ಇಡೀ ದಿನ ಬಾಯಿ ಬಿಡದೆ ಕೂತಿದ್ದ ಕೊನೆಯ ಬೆಂಚಿನ ಒಬ್ಬ ಹುಡುಗಿ. ಮಕ್ಕಳು ಬಸ್ಸು ಹತ್ತುವಾಗ ಅವಳು ನೀಲವ್ವನ ಸೆರಗು ಹಿಡಿದು ಮೆಲ್ಲಗೆ ಕೇಳಿದಳು.

"ಅಜ್ಜಿ, ನಿಮ್ಮ ಹೊಲ ಎಷ್ಟು ಎಕರೆ ಐತಿ?"

ನೀಲವ್ವ ಎದುರು ದಂಡೆಯ ತಮ್ಮ ಬೇವಿನ ಮರದ ಕಡೆ ಒಂದು ಗಳಿಗೆ ನೋಡಿದರು. ಆಮೇಲೆ ಬಗ್ಗಿ, ಅವಳ ಮುಖಕ್ಕೆ ಮುಖ ತಂದು, ಒಂದಿಷ್ಟೂ ವ್ಯಂಗ್ಯವಿಲ್ಲದೆ, ಸರಿಯಾದ ಉತ್ತರ ಕೊಡಬೇಕೆಂಬ ಕಾಳಜಿಯಿಂದಲೇ ಕೇಳಿದರು.

"ಯಾವ ವರ್ಷದ್ದು ಹೇಳ್ಲಿ, ಮಗಳ?"